ನ್ಯಾಯಾಧೀಶರಿಗೆ ವಯಸ್ಸಿನ ಮಿತಿ ಬೇಕೇ? ಕೊಲ್ಹಾಪುರದಿಂದ ನೋಡಿದ ಒಂದು ಚರಿತ್ರೆ



ನಮ್ಮ ಗೋಕುಳ ಶಿರಗಾಂವದಲ್ಲಿ ನಿವೃತ್ತಿ ಅನ್ನುವ ಮಾತು ಹೊಸದಲ್ಲ. ಎಂ.ಐ.ಡಿ.ಸಿ.ಯ ಫೌಂಡ್ರಿಗಳಲ್ಲಿ, ಮಷಿನ್ ಶಾಪ್‌ಗಳಲ್ಲಿ ದುಡಿದ ನಮ್ಮ ಅಪ್ಪಂದಿರು, ಮಾವಂದಿರು ಅರವತ್ತರ ಆಸುಪಾಸಿನಲ್ಲಿ ಗೇಟ್ ಪಾಸ್ ಒಪ್ಪಿಸಿ ಮನೆಗೆ ಬಂದಿದ್ದಾರೆ. ಕೆಲವರು ಬಂದ ಮರುದಿನವೇ ಮತ್ತೊಂದು ಕೆಲಸ ಹುಡುಕಿದ್ದಾರೆ. ಮೈಯಲ್ಲಿ ಶಕ್ತಿ ಇತ್ತು, ಕೈಯಲ್ಲಿ ಕಸುಬು ಇತ್ತು, ಆದರೂ ತಾರೀಖು ಬಂತು ಅಂತ ಇಳಿಯಬೇಕಾಯಿತು. ಇದು ನ್ಯಾಯವೇ ಅಂತ ಮನೆಯಲ್ಲಿ ಚರ್ಚೆ ಆಗಿದ್ದನ್ನು ನಾವೆಲ್ಲ ಕೇಳಿದ್ದೇವೆ.

ಈ ಪ್ರಶ್ನೆಯೇ 2025ರಲ್ಲಿ ಇನ್ನೊಂದು ರೂಪದಲ್ಲಿ ನಮ್ಮ ಮುಂದೆ ಬಂತು. ಆ ವರ್ಷ ಆಗಸ್ಟ್ 17ರಂದು ಕೊಲ್ಹಾಪುರದಲ್ಲಿ ಬಾಂಬೆ ಹೈಕೋರ್ಟಿನ ಸಂಚಾರಿ ಪೀಠ ಉದ್ಘಾಟನೆ ಆಯಿತು. ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೋಲಾಪುರ, ರತ್ನಾಗಿರಿ, ಸಿಂಧುದುರ್ಗ ಈ ಆರು ಜಿಲ್ಲೆಗಳ ವಕೀಲರು ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಹೋರಾಡಿ ಪಡೆದ ಪೀಠ ಅದು. ಅಲ್ಲಿಯವರೆಗೆ ಹೈಕೋರ್ಟ್ ಕೆಲಸಕ್ಕೆ ಸುಮಾರು 400 ಕಿಲೋಮೀಟರ್ ದೂರದ ಮುಂಬೈಗೇ ಹೋಗಬೇಕಿತ್ತು. ಗಡಿಯಾಚೆಯ ನಮ್ಮ ಬಂಧುಗಳಿಗೆ ಇಂಥ ಅನುಕೂಲ ಮೊದಲೇ ಬಂದಿತ್ತು: ಧಾರವಾಡ ಮತ್ತು ಕಲಬುರಗಿಯಲ್ಲಿ ಕರ್ನಾಟಕ ಹೈಕೋರ್ಟಿನ ಸಂಚಾರಿ ಪೀಠಗಳು 2008ರಲ್ಲೇ ಆರಂಭವಾಗಿ 2013ರಲ್ಲಿ ಕಾಯಂ ಆದವು.

ಕೊಲ್ಹಾಪುರ ಪೀಠವನ್ನು ಉದ್ಘಾಟಿಸಿದವರು ಆಗಿನ ಭಾರತದ ಮುಖ್ಯ ನ್ಯಾಯಮೂರ್ತಿ ಭೂಷಣ್ ಗವಾಯಿ. ಈ ಪೀಠಕ್ಕಾಗಿ ಮನಸ್ಸಿಟ್ಟು ದುಡಿದವರಲ್ಲಿ ಅವರೂ ಒಬ್ಬರು. ಆದರೆ ಅದೇ ವರ್ಷ ನವೆಂಬರ್ 23ಕ್ಕೆ ಅವರು ನಿವೃತ್ತರಾದರು. ಉದ್ಘಾಟನೆಯ ದಿನದಿಂದ ಲೆಕ್ಕ ಹಾಕಿದರೆ ನೂರು ದಿನವೂ ಇಲ್ಲ. ಮೇ 14ಕ್ಕೆ ಆ ಹುದ್ದೆಗೆ ಬಂದಿದ್ದರು, ಆರು ತಿಂಗಳಲ್ಲಿ ಇಳಿದರು. ಕಾರಣ ಒಂದೇ, ಅವರಿಗೆ 65 ತುಂಬಿತು.

ನಮ್ಮ ಯುವ ಬಳಗದ ಸಭೆಯಲ್ಲಿ ಈ ವಿಷಯ ಬಂದಾಗ ಎರಡು ಗುಂಪಾಯಿತು. ಅನುಭವ ಇರುವವರನ್ನು ಆರು ತಿಂಗಳಿಗೆ ಕಳಿಸುವುದು ದೇಶಕ್ಕೇ ನಷ್ಟ ಅಂದವರು ಕೆಲವರು. ಹಿರಿಯರು ಎಲ್ಲಿಯೂ ಜಾಗ ಬಿಡುವುದಿಲ್ಲ, ಮಿತಿ ಇದ್ದರೇ ಒಳ್ಳೆಯದು ಅಂದವರು ಕೆಲವರು. ಎರಡನೇ ಮಾತು ಹೇಳುವಾಗ ಕೆಲವರ ಕಣ್ಣು ನಮ್ಮದೇ ಧರ್ಮಕೇಂದ್ರದ ಪಾಲನಾ ಸಮಿತಿಯ ಕಡೆಗೆ ಹೋಯಿತು ಅನ್ನುವುದೂ ನಿಜ. ಅದಕ್ಕೇ ಸ್ವಲ್ಪ ಚರಿತ್ರೆ ಓದಿ ಬರೆಯೋಣ ಅಂತ ಕುಳಿತೆವು.

ಬೈಬಲ್ಲಿನ ಮೂವರು

ಪವಿತ್ರ ಬೈಬಲ್ಲಿನಲ್ಲಿ ನ್ಯಾಯಸ್ಥಾಪಕರ ಹೆಸರಿನ ಗ್ರಂಥವೇ ಇದೆ. ಅವರಲ್ಲಿ ಯಾರಿಗೂ ನಿವೃತ್ತಿಯ ವಯಸ್ಸು ಇರಲಿಲ್ಲ. ದೆಬೋರಳು ಖರ್ಜೂರದ ಮರದ ಕೆಳಗೆ ಕುಳಿತು ಜನರ ವ್ಯಾಜ್ಯ ಬಿಡಿಸಿದಳು. ಯೆಫ್ತಾಹನು ಆರು ವರ್ಷ, ಸಂಸೋನನು ಇಪ್ಪತ್ತು ವರ್ಷ ಇಸ್ರಯೇಲರಿಗೆ ನ್ಯಾಯಸ್ಥಾಪಕರಾಗಿದ್ದರು. ದೇವರು ಕರೆದಷ್ಟು ಕಾಲ ಕೆಲಸ.

ಆದರೆ ಸಮುವೇಲನ ಮೊದಲನೆಯ ಗ್ರಂಥಕ್ಕೆ ಬಂದಾಗ ಏಲಿಯ ಕಥೆ ಸಿಗುತ್ತದೆ. ಏಲಿ ನಲವತ್ತು ವರ್ಷ ಇಸ್ರಯೇಲರ ನ್ಯಾಯಸ್ಥಾಪಕನಾಗಿದ್ದ. ತೊಂಬತ್ತೆಂಟರ ವಯಸ್ಸಿನಲ್ಲಿಯೂ ಪೀಠದ ಮೇಲೆ ಕುಳಿತೇ ಇದ್ದ, ಕಣ್ಣು ಕಾಣಿಸುತ್ತಿರಲಿಲ್ಲ. ಅವನು ಕೆಟ್ಟವನಲ್ಲ. ಬಾಲಕ ಸಮುವೇಲನಿಗೆ ದೇವರ ಧ್ವನಿಯನ್ನು ಗುರುತಿಸಲು ಕಲಿಸಿದವನೇ ಅವನು. ಆದರೂ ಅವನ ಕಣ್ಣ ಮುಂದೆಯೇ ಮಕ್ಕಳು ದೇವಾಲಯದಲ್ಲಿ ಅನ್ಯಾಯ ಮಾಡುತ್ತಿದ್ದರು, ಅದನ್ನು ತಡೆಯುವ ಶಕ್ತಿ ಅವನಿಗೆ ಉಳಿದಿರಲಿಲ್ಲ.

ಇನ್ನೂ ಕಷ್ಟದ ಪಾಠ ಸಮುವೇಲನದು. ಅಷ್ಟು ದೊಡ್ಡ ಪ್ರವಾದಿ ಮುದುಕನಾದಾಗ ತನ್ನ ಮಕ್ಕಳನ್ನೇ ಬೇರ್ಷೆಬದಲ್ಲಿ ನ್ಯಾಯಾಧಿಪತಿಗಳನ್ನಾಗಿ ನೇಮಿಸಿದ. ಅವರು ಲಂಚ ತಿಂದು ತೀರ್ಪು ತಿರುಚಿದರು. ಜನರು ಬೇಸತ್ತು ತಮಗೆ ಅರಸನೇ ಬೇಕು ಅಂತ ಹಟ ಹಿಡಿದರು. ಯಾವಾಗ ಇಳಿಯಬೇಕು, ಯಾರಿಗೆ ಒಪ್ಪಿಸಬೇಕು ಅನ್ನುವ ನಿಯಮ ಇಲ್ಲದಿದ್ದಾಗ ಒಳ್ಳೆಯವರ ಕೈಯಲ್ಲೂ ನ್ಯಾಯಪೀಠ ಮನೆತನದ ಆಸ್ತಿ ಆಗಿಬಿಡಬಹುದು.

ಮೂರನೆಯ ಉದಾಹರಣೆ ಇದಕ್ಕೆ ವಿರುದ್ಧ. ಮೋಶೆ ತೀರಿಕೊಂಡಾಗ 120 ವರ್ಷ, ಕಣ್ಣು ಮಬ್ಬಾಗಿರಲಿಲ್ಲ, ಶಕ್ತಿ ಕುಂದಿರಲಿಲ್ಲ. ಅಂದರೆ ವಯಸ್ಸು ಎಲ್ಲರಿಗೂ ಒಂದೇ ರೀತಿ ಬರುವುದಿಲ್ಲ ಅಂತ ಬೈಬಲ್ಲಿಗೂ ಗೊತ್ತು. ಅದೇ ಮೋಶೆಯ ಕಾಲದಲ್ಲೇ ಸಂಖ್ಯಾಕಾಂಡದ 8ನೇ ಅಧ್ಯಾಯದಲ್ಲಿ ಲೇವಿಯರಿಗೆ ಒಂದು ನಿಯಮ ಬರುತ್ತದೆ: ಇಪ್ಪತ್ತೈದಕ್ಕೆ ಸೇವೆ ಆರಂಭ, ಐವತ್ತಕ್ಕೆ ಭಾರದ ಕೆಲಸದಿಂದ ಬಿಡುವು. ಆ ಬಳಿಕ ಅವರು ಸುಮ್ಮನೆ ಮನೆಗೆ ಹೋಗಬೇಕಿಲ್ಲ, ತಮ್ಮ ಸಹೋದರರಿಗೆ ನೆರವಾಗಬಹುದು. ಹುದ್ದೆ ಬಿಡುವುದು ಬೇರೆ, ಸೇವೆ ಬಿಡುವುದು ಬೇರೆ. ಈ ವ್ಯತ್ಯಾಸವನ್ನು ನೆನಪಿಡೋಣ, ಕೊನೆಗೆ ಬೇಕಾಗುತ್ತದೆ.

ರಾನಡೆಯಿಂದ ಗಜೇಂದ್ರಗಡಕರವರೆಗೆ

ಈಗ ನಮ್ಮ ನಾಡಿಗೆ ಬರೋಣ. ಬಾಲ್ಯವನ್ನು ಕೊಲ್ಹಾಪುರದಲ್ಲಿ ಕಳೆದು ಇಲ್ಲಿಯೇ ಶಾಲೆಗೆ ಹೋದ ಮಹಾದೇವ ಗೋವಿಂದ ರಾನಡೆ 1893ರಲ್ಲಿ ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿ ಆದರು. 1901ರ ಜನವರಿ 16ರಂದು ತೀರಿಕೊಂಡಾಗಲೂ ಅವರು ನ್ಯಾಯಮೂರ್ತಿಯೇ ಆಗಿದ್ದರು, 59 ತುಂಬಲು ಎರಡು ದಿನ ಬಾಕಿ. ಅದೇ ವರ್ಷ ಹೈಕೋರ್ಟಿಗೆ ನೇಮಕವಾದವರು ನಮ್ಮ ಹೊನ್ನಾವರದಲ್ಲಿ ಹುಟ್ಟಿದ ನಾರಾಯಣ ಗಣೇಶ ಚಂದಾವರಕರ. ಆ ಕಾಲದ ಹೈಕೋರ್ಟುಗಳು 1861ರ ಕಾಯ್ದೆಯಂತೆ ನಡೆಯುತ್ತಿದ್ದವು. ಆ ಕಾಯ್ದೆಯ ಪ್ರಕಾರ ನ್ಯಾಯಮೂರ್ತಿಗಳು ಹುದ್ದೆಯಲ್ಲಿ ಇರುವುದು ಬ್ರಿಟಿಷ್ ರಾಣಿಯ ಇಚ್ಛೆ ಇರುವವರೆಗೆ. ಅಂದರೆ ಕಾಗದದ ಮೇಲೆ ಅವರನ್ನು ಯಾವಾಗ ಬೇಕಾದರೂ ಇಳಿಸಬಹುದಿತ್ತು.

ಇದನ್ನು ಬದಲಿಸಿದ್ದು 1935ರ ಭಾರತ ಸರ್ಕಾರ ಕಾಯ್ದೆ. ಹೈಕೋರ್ಟ್ ನ್ಯಾಯಮೂರ್ತಿಗೆ 60, ಹೊಸದಾಗಿ ಬಂದ ಫೆಡರಲ್ ಕೋರ್ಟಿನ ನ್ಯಾಯಮೂರ್ತಿಗೆ 65 ಅಂತ ಅದು ಬರೆದಿಟ್ಟಿತು. ಇಲ್ಲಿ ಒಂದು ಮುಖ್ಯ ವಿಷಯ ಇದೆ. ನಾವು ವಯಸ್ಸಿನ ಮಿತಿ ಅಂದರೆ ನ್ಯಾಯಾಧೀಶರ ಕೈ ಕಟ್ಟುವ ನಿಯಮ ಅಂದುಕೊಳ್ಳುತ್ತೇವೆ. ಆದರೆ ಚರಿತ್ರೆಯಲ್ಲಿ ಅದು ಬಂದದ್ದು ರಕ್ಷಣೆಯ ಜೊತೆಗೆ. ಆ ವಯಸ್ಸಿನವರೆಗೆ ಸುಮ್ಮಸುಮ್ಮನೆ ಯಾರೂ ನಿನ್ನನ್ನು ತೆಗೆಯುವಂತಿಲ್ಲ ಅನ್ನುವ ಭರವಸೆಯೂ ಅದರಲ್ಲಿತ್ತು.

ಸಂವಿಧಾನ ಸಭೆಯಲ್ಲಿ 1949ರ ಮೇ ತಿಂಗಳಲ್ಲಿ ಈ ಬಗ್ಗೆ ಚರ್ಚೆ ನಡೆಯಿತು. 65 ಹೆಚ್ಚಾಯಿತು ಅಂದವರೂ ಇದ್ದರು, ಒಳ್ಳೆಯ ನ್ಯಾಯಾಧೀಶರನ್ನು ವಯಸ್ಸಿನ ಕಾರಣಕ್ಕೆ ಕಳೆದುಕೊಳ್ಳಬಾರದು ಅಂದವರೂ ಇದ್ದರು. ಕೊನೆಗೆ ಸುಪ್ರೀಂ ಕೋರ್ಟಿಗೆ 65, ಹೈಕೋರ್ಟಿಗೆ 60 ಉಳಿಯಿತು. 1963ರಲ್ಲಿ ಸಂವಿಧಾನದ 15ನೇ ತಿದ್ದುಪಡಿ ಹೈಕೋರ್ಟಿನ 60ನ್ನು 62 ಮಾಡಿತು. 2010ರಲ್ಲಿ ಅದನ್ನೂ 65 ಮಾಡುವ ಮಸೂದೆ ಬಂತು, ಅಂಗೀಕಾರ ಆಗದೆ ಲೋಕಸಭೆಯ ಅವಧಿಯೊಂದಿಗೆ ಬಿದ್ದುಹೋಯಿತು. ಕೆಳಗಿನ ಕೋರ್ಟಿನ ನ್ಯಾಯಾಧೀಶರಿಗೆ 58 ಇದ್ದದ್ದನ್ನು 60ಕ್ಕೆ ಏರಿಸಲು ಸುಪ್ರೀಂ ಕೋರ್ಟೇ 1991ರಲ್ಲಿ ಆದೇಶ ಮಾಡಿತು. ಹೀಗೆ ಒಂದೇ ದೇಶದಲ್ಲಿ ಒಂದೇ ಕೆಲಸಕ್ಕೆ 60, 62, 65 ಅಂತ ಮೂರು ವಯಸ್ಸುಗಳು.

ರಾನಡೆ ತೀರಿಕೊಂಡ ಎರಡು ತಿಂಗಳಿಗೆ, 1901ರ ಮಾರ್ಚ್ 16ರಂದು, ಸಾತಾರಾದಲ್ಲಿ ಪ್ರಹ್ಲಾದ ಬಾಲಾಚಾರ್ಯ ಗಜೇಂದ್ರಗಡಕರ ಹುಟ್ಟಿದರು. ಹೆಸರೇ ಹೇಳುವಂತೆ ಮನೆತನದ ಮೂಲ ಗದಗ ಸೀಮೆಯ ಗಜೇಂದ್ರಗಡ. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿಯೂ ಓದಿದವರು. 1964ರ ಫೆಬ್ರವರಿಯಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿ ಆಗಿ, 1966ರ ಮಾರ್ಚ್ 15ಕ್ಕೆ ನಿವೃತ್ತರಾದರು. ಆ ಮೇಲೆ ಬಾಂಬೆ ವಿಶ್ವವಿದ್ಯಾಲಯದ ಕುಲಪತಿ, ಕಾನೂನು ಆಯೋಗದ ಅಧ್ಯಕ್ಷ. ಅವರ ಬುದ್ಧಿ 65ಕ್ಕೆ ನಿಂತಿರಲಿಲ್ಲ, ಹುದ್ದೆ ಮಾತ್ರ ನಿಂತಿತು.

ಅವರ ಕಾಲದಲ್ಲೇ ವಯಸ್ಸಿನ ಬಗ್ಗೆ ಒಂದು ವಿಚಿತ್ರ ಕೇಸ್ ಸುಪ್ರೀಂ ಕೋರ್ಟಿಗೆ ಬಂತು. ಕಲ್ಕತ್ತಾ ಹೈಕೋರ್ಟಿನ ನ್ಯಾಯಮೂರ್ತಿ ಜ್ಯೋತಿ ಪ್ರಕಾಶ್ ಮಿತ್ತರ್ ತಾವು ಹುಟ್ಟಿದ್ದು 1904ರಲ್ಲಿ ಅಂದರು, ಮೆಟ್ರಿಕ್ ದಾಖಲೆ 1901 ಅಂತಿತ್ತು. ಮೂರು ವರ್ಷದ ವ್ಯತ್ಯಾಸ ಅಂದರೆ ಮೂರು ವರ್ಷದ ಹುದ್ದೆ. ಸರ್ಕಾರ 1901 ಅಂತ ಹೇಳಿ ಅವರ ಕೆಲಸ ನಿಲ್ಲಿಸಿತು. ಸುಪ್ರೀಂ ಕೋರ್ಟ್, ನ್ಯಾಯಾಧೀಶರ ವಯಸ್ಸನ್ನು ಮಂತ್ರಾಲಯ ತೀರ್ಮಾನಿಸುವಂತಿಲ್ಲ, ಸಂವಿಧಾನ ಹೇಳಿದಂತೆ ಮುಖ್ಯ ನ್ಯಾಯಮೂರ್ತಿಯನ್ನು ಕೇಳಿ ರಾಷ್ಟ್ರಪತಿಯೇ ತೀರ್ಮಾನಿಸಬೇಕು ಅಂದಿತು. ಕೊನೆಗೆ ತೀರ್ಮಾನ ಮಿತ್ತರ್ ಅವರ ವಿರುದ್ಧವೇ ಆಯಿತು. ಆದರೂ ನ್ಯಾಯಾಧೀಶರ ವಯಸ್ಸಿನ ಲೆಕ್ಕ ಕೂಡ ಸರ್ಕಾರದ ಕೈಗೆ ಸಿಗಬಾರದು ಅನ್ನುವ ಪಾಠ ಉಳಿಯಿತು.

ಮಿತಿ ಇಲ್ಲದ ಕಡೆ, ಮಿತಿಯೇ ಆಯುಧವಾದ ಕಡೆ

ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಇವತ್ತಿಗೂ ವಯಸ್ಸಿನ ಮಿತಿ ಇಲ್ಲ. ಆದರೆ ಅಲ್ಲಿನ ನ್ಯೂಯಾರ್ಕ್ ರಾಜ್ಯ 1777ರಲ್ಲೇ ತನ್ನ ನ್ಯಾಯಾಧೀಶರಿಗೆ 60 ಅಂತ ಮಿತಿ ಹಾಕಿತ್ತು. ಇದರಿಂದ ಜೇಮ್ಸ್ ಕೆಂಟ್ ಅನ್ನುವ ಪ್ರಸಿದ್ಧ ನ್ಯಾಯಾಧೀಶರು 1823ರಲ್ಲಿ ಇಳಿಯಬೇಕಾಯಿತು. ಮನೆಗೆ ಬಂದ ಅವರು ಪಾಠ ಹೇಳಲು ಶುರು ಮಾಡಿದರು, 1826ರಿಂದ ಅಮೆರಿಕದ ಕಾನೂನಿನ ಬಗ್ಗೆ ನಾಲ್ಕು ಸಂಪುಟ ಬರೆದರು. ಒಂದು ಪೀಳಿಗೆಯ ವಕೀಲರು ಆ ಪುಸ್ತಕ ಓದಿಯೇ ಬೆಳೆದರು. ಮಿತಿ ಹಾಕಿದ್ದು ತಪ್ಪು ಅನ್ನುವವರೂ ಇದೇ ಕೆಂಟ್ ಉದಾಹರಣೆ ಕೊಡುತ್ತಾರೆ, ಸರಿ ಅನ್ನುವವರೂ ಕೊಡಬಹುದು.

ಮಿತಿ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ವಿಲಿಯಂ ಡಗ್ಲಸ್ ಅವರನ್ನು ನೋಡಬೇಕು. ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ 36 ವರ್ಷ ಇದ್ದವರು. 1974ರ ಕೊನೆಯ ದಿನ ಅವರಿಗೆ ಪಾರ್ಶ್ವವಾಯು ಆಯಿತು. ಆದರೂ ತಿಂಗಳುಗಟ್ಟಲೆ ರಾಜೀನಾಮೆ ಕೊಡಲಿಲ್ಲ. ಅವರ ಮತವೇ ನಿರ್ಣಾಯಕ ಆಗುವ ಕೇಸುಗಳನ್ನು ಮುಂದೆ ಹಾಕೋಣ ಅಂತ ಜೊತೆಯ ನ್ಯಾಯಾಧೀಶರು ತಮ್ಮೊಳಗೇ ತೀರ್ಮಾನ ಮಾಡಿಕೊಳ್ಳಬೇಕಾಯಿತು. 1975ರ ನವೆಂಬರ್‌ನಲ್ಲಿ ಅವರು ಇಳಿದರು. ಗೆಳೆಯನಿಗೆ ನಿನ್ನಿಂದ ಆಗುವುದಿಲ್ಲ ಅಂತ ಹೇಳುವ ನೋವಿನ ಕೆಲಸ ಸಹೋದ್ಯೋಗಿಗಳ ಮೇಲೆ ಬಿತ್ತು. ತಾರೀಖಿನ ನಿಯಮ ಇದ್ದಿದ್ದರೆ ಆ ಅವಮಾನ ಯಾರಿಗೂ ಬೇಕಿರಲಿಲ್ಲ.

ಇನ್ನೊಂದು ಬದಿ ಹಂಗೇರಿ ಮತ್ತು ಪೋಲೆಂಡ್. ಹಂಗೇರಿ ಸರ್ಕಾರ 2012ರಲ್ಲಿ ನ್ಯಾಯಾಧೀಶರ ನಿವೃತ್ತಿ ವಯಸ್ಸನ್ನು 70ರಿಂದ 62ಕ್ಕೆ ಇಳಿಸಿತು. ಪೋಲೆಂಡ್ 2018ರಲ್ಲಿ ತನ್ನ ಸುಪ್ರೀಂ ಕೋರ್ಟಿನಲ್ಲಿ 70ನ್ನು 65 ಮಾಡಿತು, ಈಗ ಕುಳಿತಿರುವವರಿಗೂ ಅದನ್ನೇ ಹಚ್ಚಿತು. ಒಂದೇ ಏಟಿಗೆ ಹಿರಿಯ ನ್ಯಾಯಾಧೀಶರು ಹೊರಗೆ, ಆ ಜಾಗಗಳು ಖಾಲಿ. ಎರಡೂ ಕಾನೂನುಗಳನ್ನು ಯುರೋಪಿನ ನ್ಯಾಯಾಲಯ ತಪ್ಪು ಅಂತ ತೀರ್ಪು ಕೊಟ್ಟಿತು. ಬ್ರಿಟನ್ನಿನಲ್ಲಿಯೂ ಮಿತಿ 75 ಇತ್ತು, 1990ರ ದಶಕದಲ್ಲಿ 70 ಆಯಿತು, 2022ರಲ್ಲಿ ಮತ್ತೆ 75 ಆಯಿತು, ಆದರೆ ಅಲ್ಲಿ ಯಾರನ್ನೋ ಓಡಿಸಲು ಹಾಗೆ ಮಾಡಲಿಲ್ಲ. ಆದ್ದರಿಂದ ಸಂಖ್ಯೆ ಎಷ್ಟು ಅನ್ನುವುದಕ್ಕಿಂತ, ಅದನ್ನು ಯಾರಿಗಾಗಿ, ಯಾವ ಉದ್ದೇಶದಿಂದ ಬದಲಿಸುತ್ತಾರೆ ಅನ್ನುವುದನ್ನು ನೋಡಬೇಕು.

ವಯಸ್ಸು ಬೇರೆ, ಅವಧಿ ಬೇರೆ

ನಮ್ಮ ಚರ್ಚೆಯಲ್ಲಿ ಎರಡು ವಿಷಯ ಕಲಸಿಹೋಗಿದ್ದವು. ಇಂಥ ವಯಸ್ಸಿಗೆ ಇಳಿ ಅನ್ನುವುದು ಒಂದು. ಇಷ್ಟು ವರ್ಷ ಇರು, ಆಮೇಲೆ ಇಳಿ ಅನ್ನುವುದು ಇನ್ನೊಂದು. ಜರ್ಮನಿಯ ಸಂವಿಧಾನ ನ್ಯಾಯಾಲಯದಲ್ಲಿ ಎರಡೂ ಇವೆ: 12 ವರ್ಷದ ಒಂದೇ ಅವಧಿ, ಮತ್ತೆ ನೇಮಕ ಇಲ್ಲ, 68 ದಾಟುವಂತಿಲ್ಲ. ಮರುನೇಮಕ ಇಲ್ಲದ್ದರಿಂದ ಯಾರನ್ನೂ ಮೆಚ್ಚಿಸಬೇಕಾಗಿಲ್ಲ.

ನಮ್ಮಲ್ಲಿ ವಯಸ್ಸು ಮಾತ್ರ ಇದೆ, ಅವಧಿ ಇಲ್ಲ. ಸುಪ್ರೀಂ ಕೋರ್ಟಿನಲ್ಲಿ ಹಿರಿಯರಾದವರು ಮುಖ್ಯ ನ್ಯಾಯಮೂರ್ತಿ ಆಗುತ್ತಾರೆ, 65ಕ್ಕೆ ಇಳಿಯುತ್ತಾರೆ. ಎಷ್ಟು ದಿನ ಇರುತ್ತಾರೆ ಅನ್ನುವುದು ಹುಟ್ಟಿದ ತಾರೀಖಿನ ಮೇಲೆ ನಿಂತಿದೆ. ವೈ.ವಿ. ಚಂದ್ರಚೂಡ್ 1978ರಿಂದ 1985ರವರೆಗೆ ಏಳು ವರ್ಷಕ್ಕೂ ಹೆಚ್ಚು ಇದ್ದರು. ಕಮಲ್ ನಾರಾಯಣ ಸಿಂಗ್ 1991ರಲ್ಲಿ ಹದಿನೇಳು ದಿನ ಇದ್ದರು. ಕರ್ನಾಟಕದ ಎಂ.ಎನ್. ವೆಂಕಟಾಚಲಯ್ಯ ಅವರಿಗೆ ಇಪ್ಪತ್ತು ತಿಂಗಳು ಸಿಕ್ಕಿತು, ಇ.ಎಸ್. ವೆಂಕಟರಾಮಯ್ಯ ಅವರಿಗೆ ಆರು ತಿಂಗಳು, ಎಸ್. ರಾಜೇಂದ್ರ ಬಾಬು ಅವರಿಗೆ 2004ರ ಮೇ ತಿಂಗಳು ಒಂದೇ. ನಮ್ಮ ಪಕ್ಕದ ಸೋಲಾಪುರದಲ್ಲಿ ಹುಟ್ಟಿದ ಯು.ಯು. ಲಲಿತ್ ಅವರಿಗೆ 2022ರಲ್ಲಿ 74 ದಿನ. ಹಿರಿತನದ ಪದ್ಧತಿ ಹೀಗೇ ಮುಂದುವರಿದರೆ ವೆಂಕಟರಾಮಯ್ಯನವರ ಮಗಳು ಬಿ.ವಿ. ನಾಗರತ್ನ 2027ರ ಸೆಪ್ಟೆಂಬರ್‌ನಲ್ಲಿ ಆ ಹುದ್ದೆಗೆ ಬರುವ ಮೊದಲ ಮಹಿಳೆ ಆಗುತ್ತಾರೆ. ಅವರಿಗೆ ಸಿಗುವುದು 36 ದಿನ.

36 ದಿನದಲ್ಲಿ ಏನು ಮಾಡಬಹುದು? ಒಂದು ಕಾರ್ಖಾನೆಗೆ ಹೊಸ ಮ್ಯಾನೇಜರ್ ಬಂದರೆ ಮಷಿನ್ ಯಾವುದು ಎಲ್ಲಿದೆ ಅಂತ ತಿಳಿಯಲಿಕ್ಕೇ ಅಷ್ಟು ದಿನ ಬೇಕು. ಹಾಗೆಂದು ಹಿರಿತನ ಮುರಿಯುವುದೂ ಅಪಾಯ. 1973ರಲ್ಲಿ ಸರ್ಕಾರ ಮೂವರು ಹಿರಿಯರನ್ನು ದಾಟಿ ಮುಖ್ಯ ನ್ಯಾಯಮೂರ್ತಿಯನ್ನು ನೇಮಿಸಿತು. ಆ ಮೂವರಲ್ಲಿ ಕಾರ್ಕಳ ತಾಲ್ಲೂಕಿನ ಕೌಡೂರಿನವರಾದ ಕೆ.ಎಸ್. ಹೆಗ್ಡೆ ಒಬ್ಬರು. ಸರ್ಕಾರಕ್ಕೆ ಒಪ್ಪದ ತೀರ್ಪು ಕೊಟ್ಟದ್ದೇ ಅವರ ತಪ್ಪು ಅಂತ ದೇಶವೇ ಮಾತಾಡಿಕೊಂಡಿತು. ಮೂವರೂ ರಾಜೀನಾಮೆ ಕೊಟ್ಟರು. ಹುಟ್ಟಿದ ತಾರೀಖು ಕುರುಡು ನಿಯಮ, ನಿಜ. ಆದರೆ ಕುರುಡಾದ್ದರಿಂದಲೇ ಅದು ಯಾರ ಮುಖವನ್ನೂ ನೋಡುವುದಿಲ್ಲ.

ಇಳಿದ ಮೇಲೆ

ನಮ್ಮ ಬಳಗದ ಒಬ್ಬರ ಮನೆಯಲ್ಲಿ ಜಮೀನಿನ ಒಂದು ಕೇಸ್ ಇದೆ. ವಾದ ಕೇಳಿ ಮುಗಿಸಿದ ನ್ಯಾಯಾಧೀಶರು ತೀರ್ಪು ಬರೆಯುವ ಮೊದಲೇ ನಿವೃತ್ತರಾದರು. ಹೊಸಬರು ಬಂದು ವಾದವನ್ನು ಮತ್ತೆ ಮೊದಲಿನಿಂದ ಕೇಳಬೇಕಾಯಿತು. ಆ ಮನೆಯ ಅಜ್ಜಿ ಈಗ ಪ್ರತಿ ಭಾನುವಾರ ಪೂಜೆ ಮುಗಿದ ಮೇಲೆ ಒಂದೇ ಪ್ರಾರ್ಥನೆ ಹೇಳುತ್ತಾರೆ, ತಾವು ಕಣ್ಣು ಮುಚ್ಚುವ ಮೊದಲು ತೀರ್ಪು ಬರಲಿ ಅಂತ. ಅವರಿಗೆ ವಯಸ್ಸಿನ ಮಿತಿಯ ಸಿದ್ಧಾಂತ ಬೇಕಿಲ್ಲ. ಕೇಳಿದವರೇ ತೀರ್ಪು ಕೊಟ್ಟಿದ್ದರೆ ಸಾಕಿತ್ತು.

ಅವರಂಥವರಿಗಾಗಿ ಸಂವಿಧಾನದಲ್ಲಿ ಒಂದು ಬಾಗಿಲು ಇದೆ. ನಿವೃತ್ತ ನ್ಯಾಯಮೂರ್ತಿಗಳನ್ನು ಹೈಕೋರ್ಟಿನಲ್ಲಿ ಮತ್ತೆ ಕೂಡಿಸಿ ಹಳೆಯ ಕೇಸು ಕೇಳಿಸಲು 224ಎ ವಿಧಿ ಅವಕಾಶ ಕೊಡುತ್ತದೆ. ಬಹುಕಾಲ ಅದನ್ನು ಬಳಸಿದ್ದೇ ಅಪರೂಪ. 2021ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ದಾರಿ ತೋರಿಸಿತು, 2025ರ ಜನವರಿಯಲ್ಲಿ ಆ ಷರತ್ತುಗಳನ್ನು ಇನ್ನಷ್ಟು ಸಡಿಲಿಸಿತು. ಇದು ಲೇವಿಯರ ನಿಯಮದ ಹಾಗೆಯೇ ಅಲ್ಲವೇ? ಹುದ್ದೆ ಇಲ್ಲ, ಆದರೆ ಸಹೋದರರಿಗೆ ನೆರವು ಇದೆ.

ಆದರೆ ಇಳಿದ ಮೇಲೆ ಸರ್ಕಾರ ಕೊಡುವ ಹುದ್ದೆಗೆ ಕಾಯುವವರು ಇಳಿಯುವ ಮೊದಲಿನ ತೀರ್ಪಿನಲ್ಲಿ ಕೈ ನಡುಗಿಸಬಹುದು ಅನ್ನುವ ಸಂಶಯ ಜನರಲ್ಲಿದೆ. ತಾವು ಅಂಥ ಹುದ್ದೆ ತೆಗೆದುಕೊಳ್ಳುವುದಿಲ್ಲ ಅಂತ ಗವಾಯಿ ಮೊದಲೇ ಬಹಿರಂಗವಾಗಿ ಹೇಳಿದ್ದು ಅದಕ್ಕೇ ಮುಖ್ಯ. ಹಾಗೆಂದು ಎಲ್ಲ ಹುದ್ದೆಯೂ ಕೆಟ್ಟದ್ದಲ್ಲ. ಕೆ.ಎಸ್. ಹೆಗ್ಡೆಯವರ ಮಗ ಸಂತೋಷ್ ಹೆಗ್ಡೆ ಸುಪ್ರೀಂ ಕೋರ್ಟಿನಿಂದ ನಿವೃತ್ತರಾಗಿ ಕರ್ನಾಟಕದ ಲೋಕಾಯುಕ್ತರಾದರು. 2011ರಲ್ಲಿ, 71ರ ವಯಸ್ಸಿನಲ್ಲಿ, ಅಕ್ರಮ ಗಣಿಗಾರಿಕೆಯ ವರದಿ ಕೊಟ್ಟರು. ಅದರ ಬೆನ್ನಿಗೇ ಮುಖ್ಯಮಂತ್ರಿ ರಾಜೀನಾಮೆ ಕೊಡಬೇಕಾಯಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಯಾವ ಹುದ್ದೆಯೂ ಇಲ್ಲದೆ, ಒಬ್ಬ ಸಾಮಾನ್ಯ ಅರ್ಜಿದಾರನಾಗಿ 2012ರಲ್ಲಿ ಆಧಾರ್ ವಿಷಯಕ್ಕೆ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂತ ತೀರ್ಪು ಕೊಟ್ಟಾಗ ಅವರಿಗೆ 91 ವರ್ಷ. ಪೀಠದ ಮೇಲೆ ಕುಳಿತು ಬರೆದ ಎಷ್ಟೋ ತೀರ್ಪುಗಳಿಗಿಂತ ದೊಡ್ಡ ಕೆಲಸ ಅವರು ಪೀಠದ ಕೆಳಗೆ ನಿಂತು ಮಾಡಿದರು.

ಧರ್ಮಸಭೆಯೂ ಈ ದಾರಿಯಲ್ಲೇ ನಡೆದಿದೆ. ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ವಿಶ್ವಗುರು 6ನೇ ಪೌಲರು ಧರ್ಮಾಧ್ಯಕ್ಷರು 75ಕ್ಕೆ ರಾಜೀನಾಮೆ ಸಲ್ಲಿಸಬೇಕು ಅಂದರು. 80 ದಾಟಿದ ಕಾರ್ಡಿನಲ್‌ಗಳು ಹೊಸ ವಿಶ್ವಗುರುವಿನ ಆಯ್ಕೆಯಲ್ಲಿ ಮತ ಹಾಕುವಂತಿಲ್ಲ ಅಂತ 1970ರಲ್ಲಿ ನಿಯಮ ಮಾಡಿದರು. ವಿಶ್ವಗುರುವಿಗೆ ಮಿತಿ ಇಲ್ಲ. ಆದರೂ 2013ರ ಫೆಬ್ರವರಿಯಲ್ಲಿ 16ನೇ ಬೆನೆಡಿಕ್ಟರು 85ರ ವಯಸ್ಸಿನಲ್ಲಿ ಶಕ್ತಿ ಸಾಲದು ಅಂತ ತಾವಾಗಿಯೇ ಇಳಿದು, ಉಳಿದ ವರ್ಷಗಳನ್ನು ಪ್ರಾರ್ಥನೆಯಲ್ಲಿ ಕಳೆದರು.

ನಮಗೆ ಅನ್ನಿಸಿದ್ದು

ಇಷ್ಟು ಓದಿದ ಮೇಲೆ ನಮ್ಮ ಬಳಗದ ಎರಡು ಗುಂಪುಗಳೂ ಸ್ವಲ್ಪ ಸ್ವಲ್ಪ ಸರಿದವು. ವಯಸ್ಸಿನ ಮಿತಿ ಇರಬೇಕು, ಯಾಕೆಂದರೆ ಎಲ್ಲರೂ ಬೆನೆಡಿಕ್ಟರ ಹಾಗೆ ತಾವಾಗಿ ಇಳಿಯುವುದಿಲ್ಲ, ಇಳಿ ಅಂತ ಹೇಳುವ ಅಧಿಕಾರ ಸರ್ಕಾರದ ಕೈಗೆ ಹೋದರೆ ನ್ಯಾಯವೇ ಉಳಿಯುವುದಿಲ್ಲ. ಹೈಕೋರ್ಟಿಗೆ 62, ಸುಪ್ರೀಂ ಕೋರ್ಟಿಗೆ 65 ಅನ್ನುವ ಭೇದಕ್ಕೆ ಒಳ್ಳೆಯ ಕಾರಣ ನಮಗೆ ಕಾಣಲಿಲ್ಲ, ಒಂದೇ ಮಾಡಬಹುದು. ಬದಲಾವಣೆ ಏನೇ ಆದರೂ ಅದು ಮುಂದೆ ಬರುವವರಿಗೆ ಇರಲಿ, ಈಗ ಕುಳಿತಿರುವ ಯಾರನ್ನೋ ಉಳಿಸಲು ಅಥವಾ ಓಡಿಸಲು ಅಲ್ಲ. ಮುಖ್ಯ ನ್ಯಾಯಮೂರ್ತಿಗೆ ಕನಿಷ್ಠ ಅವಧಿ ಬೇಕೇ ಅನ್ನುವುದರಲ್ಲಿ ನಮ್ಮಲ್ಲಿ ಇನ್ನೂ ಒಮ್ಮತ ಇಲ್ಲ. ಒಬ್ಬರಿಗೆ ಎರಡು ವರ್ಷ ಕೊಟ್ಟರೆ ಹಿಂದೆ ನಿಂತ ಕೆಲವರಿಗೆ ಸರದಿಯೇ ಬರುವುದಿಲ್ಲ, ಅವರಲ್ಲಿ ಒಬ್ಬ ಮಹಿಳೆಯೂ ಇರಬಹುದು.

ಪಾಲನಾ ಸಮಿತಿಯ ಬಗ್ಗೆ ಶುರುವಾದ ಮಾತಿಗೂ ಉತ್ತರ ಕೊಡಬೇಕಲ್ಲ. ಮಿತಿ ಕೇಳುವ ಮೊದಲು ಅದನ್ನು ನಮಗೇ ಹಾಕಿಕೊಳ್ಳೋಣ ಅಂತ ತೀರ್ಮಾನ ಮಾಡಿದ್ದೇವೆ. ಯುವ ಬಳಗದ ಪದಾಧಿಕಾರಿಗಳು ಇನ್ನು ಮುಂದೆ ಎರಡು ವರ್ಷಕ್ಕಿಂತ ಹೆಚ್ಚು ಇರುವುದಿಲ್ಲ, ಇದನ್ನು ಬರೆಯುತ್ತಿರುವ ನಾವೂ ಸೇರಿ. ಇಳಿದವರು ಆಮೇಲೆ ಕುರ್ಚಿ ಜೋಡಿಸಲಿಕ್ಕೆ, ಮಕ್ಕಳಿಗೆ ಧರ್ಮೋಪದೇಶ ಹೇಳಲಿಕ್ಕೆ, ಹೊಸಬರು ಕೇಳಿದರೆ ಸಲಹೆ ಕೊಡಲಿಕ್ಕೆ ಬರಬೇಕು. ಕೇಳದಿದ್ದರೆ ಸುಮ್ಮನಿರಬೇಕು, ಅದೇ ಹೆಚ್ಚು ಕಷ್ಟ. ನಮ್ಮ ಹಿರಿಯರೊಬ್ಬರು ಇದನ್ನು ಕೇಳಿ ನಕ್ಕು, ಮೊದಲು ನೀವು ಇಳಿದು ತೋರಿಸಿ, ಆಮೇಲೆ ನಮಗೆ ಹೇಳಿ ಅಂದರು. ಒಪ್ಪಿದ್ದೇವೆ.

ಮುಂದಿನ ಭಾನುವಾರದ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ನ್ಯಾಯಾಧೀಶರಿಗಾಗಿ, ನಿವೃತ್ತರಾದ ನಮ್ಮ ಹಿರಿಯರಿಗಾಗಿ, ತೀರ್ಪಿಗಾಗಿ ಕಾಯುತ್ತಿರುವ ಆ ಅಜ್ಜಿಯಂಥವರಿಗಾಗಿ ಒಂದು ಕೋರಿಕೆ ಸೇರಿಸೋಣ. ಪ್ರಭು ಯೇಸುಕ್ರಿಸ್ತರ ಶಾಂತಿ ನಿಮ್ಮೆಲ್ಲರ ಮನೆಗಳಲ್ಲಿರಲಿ.